ಹಸನಾಕನ ಕೈಗೆಲಸ

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಕೈಕೊಟ್ಟು ಹದಿನೈದು ದಿನವಾಗಿತ್ತು. ಬಹ್ರೈನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲಾಟಿನಲ್ಲಿ ಮೀನು ಹುರಿದರೆ ಮೂರು ಮಹಡಿಗೆ ಸುದ್ದಿ ಮುಟ್ಟುತ್ತದೆ, ಹಾಗಾಗಿ ಅದು ಇಲ್ಲದೆ ನಡೆಯುವುದಿಲ್ಲ. ಹೊಸದು ತಂದರಾಯಿತು ಎಂದು ಗಂಡ ಹೇಳಿದರೂ ಕೇಳದೆ, ಬಂದರಿನ ಬಡಾವಣೆ ಮೀನಾ ಸಲ್ಮಾನ್‌ನಲ್ಲಿ ಮೋಟಾರು ರಿಪೇರಿ ಮಾಡುವವನೊಬ್ಬನಿಗೆ ಕೊಟ್ಟು ಬಂದಿದ್ದೆ. ಕಳೆದ ವಾರ ತರಲು ಹೋದಾಗ ಅವನು ಕೊನೆಯ ವಯರಿಗೆ ಬೆಸುಗೆ ಹಾಕುತ್ತಿದ್ದ. ಕಾದ ತುದಿ ರಾಳಕ್ಕೆ ತಾಗಿ ಚುಂಯ್ ಎಂದಿತು, ಒಂದೆಳೆ ಬಿಳಿ ಹೊಗೆ ಎದ್ದು ನನ್ನ ಮೂಗಿಗೆ ಬಂತು. ಕಣ್ಣಲ್ಲಿ ನೀರು ತುಂಬಿತು. ಹೊಗೆ ಎಂದು ಅವನಿಗೆ ಸುಳ್ಳು ಹೇಳಿ, ಫ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದೆ.

ಎರಡು ಓಣಿ ಆಚೆಗೆ ನಾನು ಏಳು ವರ್ಷದ ಹಿಂದೆ ಕೆಲಸ ಮಾಡುತ್ತಿದ್ದ ವರ್ಕ್‌ಶಾಪ್ ಇತ್ತು. ಕಾಲು ತಾನಾಗಿ ಆ ಕಡೆ ಹೋಯಿತು. ಈಗ ಅಲ್ಲಿ ಟಯರುಗಳ ಗೋದಾಮು. ಹೊರಗೆ ದುಡಿಯುವವರಿಗೆ ನಡುಹಗಲ ಬಿಡುವು ಕೊಡುವ ಬೇಸಿಗೆ ಶುರುವಾಗಿದೆಯಲ್ಲ, ಗೋಡೆಯ ನೆರಳಿನಲ್ಲಿ ಹತ್ತು ಹನ್ನೆರಡು ಜನ ರಟ್ಟು ಹಾಸಿ ಮಲಗಿದ್ದರು. ನಾನು ಕಾರಿಗೆ ಹಿಂದಿರುಗದೆ ಬಿಸಿಲಲ್ಲೇ ನಿಂತೆ. ಆ ವರ್ಷದ ಬೇಸಿಗೆ ನನಗೆ ಬೇಕು, ಇನ್ನೊಂದು ಸಲ ಬೇಕು. ಅದರೊಳಗಿನ ಮೂರು ವಾರವನ್ನು ತಿದ್ದಲಿಕ್ಕಾದರೂ ಬೇಕು.

ಆಗ ನನಗೆ ಇಪ್ಪತ್ತೊಂಬತ್ತು. ಊರು ಕುಮಟೆ. ಎಲೆಕ್ಟ್ರಾನಿಕ್ಸ್ ಓದಿ, ನಾಲ್ಕು ವರ್ಷ ಕಂಪ್ಯೂಟರ್ ಚಿಪ್ಪುಗಳಿಗೆ ತರ್ಕ ಬರೆಯುವ ಕೆಲಸ ಮಾಡಿ, ಮದುವೆಯಾಗಿ ಬಹ್ರೈನಿಗೆ ಬಂದವಳು. ಗಂಡನಿಗೆ ಸಿತ್ರಾದ ಒಂದು ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ. ಕಂಪೆನಿ ಬಸ್ಸು ಇಳಿಸಿ ಹೋದರೆ ನನ್ನವನು, ಹತ್ತಿಸಿಕೊಂಡು ಹೋದರೆ ಅವರವನು. ಒಂದು ವರ್ಷ ಗೋಡೆ ನೋಡಿ ನೋಡಿ ಸಾಕಾಗಿ, ಪರಿಚಯದವರ ಮೂಲಕ ಉಡುಪಿಯ ರಾಯರ ವರ್ಕ್‌ಶಾಪಿಗೆ ಸೇರಿದೆ. ಆರು ತಿಂಗಳು ಟ್ರಯಲ್, ಆಮೇಲೆ ನೋಡುವ ಎಂದಿದ್ದರು ರಾಯರು. ಅವರು ಒಳ್ಳೆಯವರು, ಆದರೆ ಮೂಗಿನ ತುದಿಯಲ್ಲೇ ಕೋಪ.

ಅಳೆಯುವ ಸಾಧನಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಅಳೆದು ಚೀಟಿ ಅಂಟಿಸುವುದು ನಮ್ಮ ಕೆಲಸ. ಥರ್ಮಾಮೀಟರು, ಪ್ರೆಶರ್ ಗೇಜು, ತಕ್ಕಡಿ, ಎಲ್ಲ ಬರುತ್ತಿದ್ದವು. ಸಿತ್ರಾದ ಎಣ್ಣೆ ಪ್ಲಾಂಟುಗಳಿಂದ ಬರುವುದು ಮಾತ್ರ ಬೇರೆ ಜಾತಿಯದು. ಪೈಪಿನಲ್ಲಿ ಎಣ್ಣೆ ಹರಿಯುವಾಗ ಒಳಗೆ ಒಂದು ಪುಟ್ಟ ಚಕ್ರ ತಿರುಗಿ ವಿದ್ಯುತ್ತಿನ ಮಿಡಿತ ಕಳುಹಿಸುತ್ತದೆ. ಸೆಕೆಂಡಿಗೆ ಎಷ್ಟು ಮಿಡಿತ ಎಂದು ಎಣಿಸಿದರೆ ಎಷ್ಟು ಎಣ್ಣೆ ಹೋಯಿತೆಂದು ಗೊತ್ತಾಗುತ್ತದೆ. ಆದರೆ ಎಣಿಸುವವನ ಸೆಕೆಂಡೇ ತಪ್ಪಿದ್ದರೆ? ಅದಕ್ಕಾಗಿ ನಮ್ಮಲ್ಲಿ ಸೆಕೆಂಡು ತಪ್ಪದೆ ಮಿಡಿತ ಎಣಿಸುವ ಒಂದು ಹಳೆಯ ಫ್ರೀಕ್ವೆನ್ಸಿ ಕೌಂಟರ್ ಇತ್ತು. ನಾನು ಸೇರಿದ ತಿಂಗಳೇ ಅದು ಹೊಗೆ ಬಿಟ್ಟು ತೀರಿಕೊಂಡಿತು. ನನ್ನ ಕಾಲ್ಗುಣ ಇರಬೇಕು. ಹೊಸದರ ಬೆಲೆ ಕೇಳಿ ರಾಯರು ನಿಂತವರು ಕುಳಿತರು. ಆ ವಿಭಾಗವನ್ನೇ ಮುಚ್ಚುವ ಮಾತು ಬಂತು.

ಆಗ ಒಳಕೋಣೆಯಿಂದ ಒಂದು ದನಿ ಬಂತು. "ನಾವೇ ಮಾಡುವ ರಾಯರೇ. ಈ ಮಗಳಿಗೆ ಚಿಪ್ಪಿನದ್ದು ಗೊತ್ತುಂಟಂತೆ. ಬೆಸುಗೆ ನನ್ನದು."

ಅದು ಹಸನಾಕ. ಹೆಸರು ಹಸನ್, ಉಳ್ಳಾಲದ ಬ್ಯಾರಿ. ಬ್ಯಾರಿಗಳು ಹಿರಿಯರನ್ನು ಕರೆಯುವ ಹಾಗೆ ಎಲ್ಲರೂ ಹಸನಾಕ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬಹ್ರೈನಿಗೆ ಬಂದು ಮೂವತ್ತೆರಡು ವರ್ಷವಾಗಿತ್ತು. ಮನಾಮದ ಹಳೆ ಪೇಟೆ ಸೂಕ್‌ನಲ್ಲಿ ರೇಡಿಯೊ ರಿಪೇರಿಯಿಂದ ಶುರುಮಾಡಿ, ಟೀವಿ, ಹಡಗಿನ ರೇಡಾರ್ ಎಲ್ಲ ದಾಟಿ ರಾಯರಲ್ಲಿಗೆ ಬಂದು ನಿಂತವರು. ವಯಸ್ಸು ಅರವತ್ತೊಂದು. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಡುವ ಜಾಗದಲ್ಲಿ ಬೆಸುಗೆ ತಂತಿಯ ಸುರುಳಿ. ಸೇರಿದ ಮೊದಲ ದಿನವೇ ನನ್ನನ್ನು ಕೇಳಿದ್ದರು, "ನೀನು ಬರೆಯುವವಳಾ, ಬೆಸೆಯುವವಳಾ?" ಬರೆಯುವವಳು ಎಂದೆ. "ಹಾಗಾದ್ರೆ ಸರಿ. ನಾವಿಬ್ರೂ ಸೇರಿದ್ರೆ ಒಂದು ಆಳು."

ರಾಯರು ಒಪ್ಪಿದರು, ಒಂದು ಷರತ್ತಿನ ಮೇಲೆ. ಸೆಪ್ಟೆಂಬರಿನಲ್ಲಿ ಹೊರಗಿನ ಪರೀಕ್ಷಕರು ಬರುತ್ತಾರೆ. ಅಷ್ಟರೊಳಗೆ ಮೆಷಿನ್ ಆಗಿ, ಅವರ ಪರೀಕ್ಷೆಯಲ್ಲಿ ಪಾಸಾಗಬೇಕು. ಹಸನಾಕನ ವೀಸಾ ಮುಗಿಯುವುದೂ ಅದೇ ತಿಂಗಳ ಕೊನೆಗೆ. ಪಾಸಾದರೆ ಮೆಷಿನ್ ನೋಡಿಕೊಳ್ಳಲು ಇನ್ನೆರಡು ವರ್ಷ ಇರಬಹುದು. ಇಲ್ಲವಾದರೆ ವಿಭಾಗವೂ ಬಂದ್, ಹಸನಾಕನೂ ಊರಿಗೆ.

"ಊರಿಗೆ ಹೋಗ್ಲಿಕ್ಕೆ ನನಗೆ ಬೇಸರ ಇಲ್ಲ ಮಗಳೆ," ಎಂದರು ಆ ದಿನ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಾ. "ಮಗಳಿದ್ದಾಳೆ, ಮಗ ಇದ್ದಾನೆ, ಮೊಮ್ಮಕ್ಕಳಿದ್ದಾರೆ. ಆದ್ರೆ ನೋಡು, ಮೂವತ್ತೆರಡು ವರ್ಷ ಬೇರೆಯವರು ಮಾಡಿದ್ದನ್ನೇ ರಿಪೇರಿ ಮಾಡಿದೆ. ಇದು ಹಸನ್ ಮಾಡಿದ್ದು ಅಂತ ಹೇಳ್ಲಿಕ್ಕೆ ಒಂದಾದ್ರೂ ಬೇಡ್ವಾ? ಅದನ್ನು ಮಾಡಿ, ಅದರ ಹತ್ರ ಎರಡು ವರ್ಷ ಕೂತು, ಮತ್ತೆ ಹೋಗ್ತೇನೆ."

ಜೂನ್ ಬಂತು. ವಾಯವ್ಯದ ಗಾಳಿ ಎದ್ದು ಧೂಳು ಕಿಟಕಿಯ ಸಂದಿನಲ್ಲೆಲ್ಲ ನುಗ್ಗುತ್ತಿತ್ತು. ಒಳಕೋಣೆಯ ಕಿಟಕಿಗೆ ಟೇಪು ಅಂಟಿಸಿ ನಾವಿಬ್ಬರೂ ಕುಳಿತೆವು. ನನ್ನ ಪಾಲಿಗೆ ಎಣಿಸುವ ತರ್ಕ. ನಾನು ಬರೆದ ಹಾಗೆ ತನ್ನೊಳಗೇ ತಂತಿ ಜೋಡಿಸಿಕೊಳ್ಳುವ ಒಂದು ಚಿಪ್ಪು ಇರುತ್ತದೆ. ಅದು ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅಂಥ ಎಷ್ಟು ಪಾಲು ಹೆಚ್ಚುಕಡಿಮೆಯಾಯಿತು ಎಂದು ಹೇಳಬೇಕು. ಹಸನಾಕನ ಪಾಲಿಗೆ ಆ ಚಿಪ್ಪಿನ ನೂರ ನಲವತ್ತನಾಲ್ಕು ಕಾಲುಗಳು. ಒಂದೊಂದು ಕಾಲು ತಲೆಗೂದಲಿಗಿಂತ ತುಸು ದಪ್ಪ, ಎರಡರ ನಡುವೆ ಉಗುರಿನ ಅಂಚೂ ತೂರುವುದಿಲ್ಲ. ಭೂತಗನ್ನಡಿಯ ದೀಪದ ಕೆಳಗೆ ತಲೆ ಬಗ್ಗಿಸಿ, ಬಿಸ್ಮಿಲ್ಲಾ ಎಂದು ಶುರುಮಾಡಿ, ಎರಡು ಬೆಳಗಿನ ಹೊತ್ತು ಅದನ್ನೇ ಮಾಡಿದರು. ಒಂದು ಕಾಲೂ ಪಕ್ಕದ್ದಕ್ಕೆ ಅಂಟಲಿಲ್ಲ. ನಾನು ಮೀಟರು ಹಿಡಿದು ನೂರ ನಲವತ್ತನಾಲ್ಕನ್ನೂ ಪರೀಕ್ಷಿಸಿದೆ. ಅವರು ಕೈ ಕಟ್ಟಿ ನಿಂತು, "ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ ನೋಡ್ತಾಳೆ ನೋಡು," ಎಂದು ನಕ್ಕರು.

ಮೆಷಿನ್ನಿನ ಎದೆ ಎಂದರೆ ಒಂದು ಸ್ಫಟಿಕ. ತನ್ನೊಳಗೇ ಪುಟ್ಟ ಒಲೆ ಇಟ್ಟುಕೊಂಡು ಸದಾ ಒಂದೇ ಬಿಸಿಯಲ್ಲಿ ಮಿಡಿಯುವ ಸ್ಫಟಿಕ. ಅದರ ಮಿಡಿತ ಸರಿಯೇ ಎಂದು ನೋಡಲು ಛಾವಣಿಯ ಮೇಲೊಂದು ಆಂಟೆನಾ. ಉಪಗ್ರಹಗಳು ಕಳುಹಿಸುವ ಸೆಕೆಂಡಿನ ಪಕ್ಕದಲ್ಲಿ ನಮ್ಮ ಸೆಕೆಂಡನ್ನು ಇಟ್ಟು ಹೋಲಿಸಬೇಕು. ಜುಲೈ ಮೊದಲ ವಾರ ಎಲ್ಲ ಜೋಡಿಸಿ ಸ್ವಿಚ್ ಹಾಕಿದೆವು. ಪರದೆಯ ಮೇಲೆ ಅಂಕೆಗಳು ಒಮ್ಮೆ ತಡಬಡಿಸಿ, ಆಮೇಲೆ ನಿಂತವು. ಹಸನಾಕ ಎದ್ದು ಹೊರಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದರು. ಕೈಯಲ್ಲಿ ಕೇಸರಿ ಬಣ್ಣದ ಬಹ್ರೈನಿ ಹಲ್ವಾದ ಡಬ್ಬಿ ಇತ್ತು. ಅಂಥ ಸಂತೋಷವನ್ನು ನಾನು ಆಮೇಲೆ ಕಂಡಿಲ್ಲ, ನನ್ನಲ್ಲೂ, ಬೇರೆಯವರಲ್ಲೂ.

ಹೋಲಿಕೆಯನ್ನು ದಿನವಿಡೀ ಗೆರೆಯಾಗಿ ಬರೆಯುವ ವ್ಯವಸ್ಥೆ ಮಾಡಿದ್ದೆ. ಗೆರೆ ನೇರವಾಗಿದ್ದರೆ ಪಾಸು. ನಮ್ಮ ಗೆರೆ ನೇರವಾಗಿಯೇ ಹೋಗುತ್ತಿತ್ತು, ಆದರೆ ಹನ್ನೆರಡು ಗಂಟೆಗೆ ಸ್ವಲ್ಪ ಮೊದಲು ಒಂದು ಗುಳಿ ಬೀಳುತ್ತಿತ್ತು. ನಮ್ಮ ಸೆಕೆಂಡು ತೂಕಡಿಸಿದ ಹಾಗೆ ಹಿಂದೆ ಬಿದ್ದು, ಒಂದು ಗಂಟೆಯ ನಂತರ ಮೇಲೇಳುತ್ತಿತ್ತು. ಮೂರು ಗಂಟೆ ದಾಟಿದ ಮೇಲೆ ಇನ್ನೊಂದು ಗುಳಿ. ಪರೀಕ್ಷಕರು ಇದನ್ನು ಕಂಡರೆ ಮುಗಿಯಿತು.

ಎಸಿಯನ್ನು ಅನುಮಾನಿಸಿದೆ, ಕರೆಂಟನ್ನು ಅನುಮಾನಿಸಿದೆ, ಬಂದರಿನ ಹಡಗುಗಳ ರೇಡಿಯೊವನ್ನೂ ಬಿಡಲಿಲ್ಲ. ನನ್ನ ತರ್ಕವನ್ನು ಮೂರು ಸಲ ಮೊದಲಿನಿಂದ ಬರೆದೆ. ಹಸನಾಕನಿಗೆ ಬೇರೆ ಅನುಮಾನ. "ಬಿಸಿ ಏರುವಾಗ ಕೈಕೊಡ್ತದೆ ಅಂದ್ರೆ ಡ್ರೈ ಸೋಲ್ಡರು," ಎಂದರು. ಬೆಸುಗೆ ಮೇಲೆ ಸರಿ ಕಂಡರೂ ಒಳಗೆ ಹಿಡಿದಿರುವುದಿಲ್ಲ, ಬಿಸಿಗೆ ಹಿಗ್ಗಿದಾಗ ಸಡಿಲಾಗುತ್ತದೆ. ಮೂವತ್ತೆರಡು ವರ್ಷದ ಅನುಭವ ಹೇಳುವ ಮಾತು, ತಪ್ಪೆನ್ನಲು ನನ್ನಲ್ಲಿ ಏನೂ ಇರಲಿಲ್ಲ. ಇಡೀ ಬೋರ್ಡನ್ನು ಇನ್ನೊಮ್ಮೆ ಬೆಸೆದರು. ಗುಳಿ ಹಾಗೇ ಇತ್ತು.

ಆಗಸ್ಟ್ ಬಂದಾಗ ಹವೆ ಒದ್ದೆ ಬಟ್ಟೆಯಂತಾಯಿತು. ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತಿತ್ತು. ಒಂದು ಬೆಳಿಗ್ಗೆ ತಿಂಗಳಿನ ಗೆರೆಗಳನ್ನೆಲ್ಲ ಒಂದರ ಕೆಳಗೊಂದು ಅಚ್ಚುಹಾಕಿ ಮೇಜಿನ ಮೇಲೆ ಹರಡಿದೆ. ಶುಕ್ರವಾರದ ಗೆರೆಗಳಲ್ಲಿ ಗುಳಿಯೇ ಇರಲಿಲ್ಲ. ಶುಕ್ರವಾರ ನಮಗೆ ರಜೆ. ಅಂದರೆ ಗುಳಿ ತೋಡುವವರು ನಮ್ಮಲ್ಲೇ ಯಾರೋ. ಇನ್ನೂ ಒಂದು ವಿಷಯ ಕಂಡಿತು. ಗುಳಿ ದಿನವೂ ಒಂದೇ ನಿಮಿಷಕ್ಕೆ ಬೀಳುತ್ತಿರಲಿಲ್ಲ. ಜುಲೈ ತಿಂಗಳಲ್ಲಿ ಮೆಲ್ಲನೆ ಮುಂದಕ್ಕೆ ಹೋಗಿ, ಆಗಸ್ಟ್ ಹತ್ತಿರ ಬರುವಾಗ ಅಲ್ಲೇ ನಿಂತಿತ್ತು. ಗಡಿಯಾರ ನೋಡಿ ನಡೆಯುವ ಯಾವ ಯಂತ್ರವೂ ಹೀಗೆ ಮಾಡುವುದಿಲ್ಲ. ಇದು ಸೂರ್ಯನನ್ನು ನೋಡಿ ನಡೆಯುವ ಏನೋ ಒಂದು.

ತಲೆ ಎತ್ತಿದರೆ ಎದುರಿನ ಗೋಡೆಯಲ್ಲಿ ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಪ್ರತಿ ತಾರೀಕಿನ ಕೆಳಗೆ ಐದು ನಮಾಜಿನ ಸಮಯ. ನಡುಹಗಲಿನ ಲುಹರ್, ಮಧ್ಯಾಹ್ನದ ಅಸರ್. ಬೆರಳಿಟ್ಟು ಒಂದೊಂದೇ ತಾಳೆ ನೋಡಿದೆ. ಬಾಂಗಿನ ಮೂರ್ನಾಲ್ಕು ನಿಮಿಷದ ನಂತರ ಗುಳಿ, ದಿನವೂ.

ಒಳಕೋಣೆಗೆ ಪಕ್ಕದ ಓಣಿಗೆ ತೆರೆಯುವ ಒಂದು ಬಾಗಿಲಿತ್ತು. ಆಂಟೆನಾದ ಕೇಬಲು ಅದರ ಮೇಲಿಂದಲೇ ಇಳಿಯುತ್ತಿದ್ದುದರಿಂದ ಮೆಷಿನ್ನಿನ ಮೇಜೂ ಅದರ ಪಕ್ಕದಲ್ಲೇ ಇತ್ತು. ಓಣಿ ದಾಟಿದರೆ ಮಸೀದಿ. ಆ ಬಾಗಿಲನ್ನು ಉಪಯೋಗಿಸುವವರು ಹಸನಾಕ ಒಬ್ಬರೇ. ಹೊರಗಿನಿಂದ ಅದು ತೆರೆಯದ ಕಾರಣ, ಹೋಗುವಾಗ ಸಂದಿಗೆ ಎರಡು ಬೆರಳಗಲದ ಒಂದು ಮರದ ತುಂಡು ಇಟ್ಟು ಹೋಗುತ್ತಿದ್ದರು. ಅವರು ನಮಾಜು ಮುಗಿಸಿ ಬರುವ ಇಪ್ಪತ್ತು ನಿಮಿಷ ಆಗಸ್ಟಿನ ಬಿಸಿಗಾಳಿ ನೇರ ನಮ್ಮ ಸ್ಫಟಿಕದ ಮೇಲೆ ಬೀಸುತ್ತಿತ್ತು. ಪಾಪ, ಎಷ್ಟೆಂದು ತಡೆದುಕೊಂಡೀತು.

ಸಿಕ್ಕಿತು ಎಂದು ಕುಣಿಯಬೇಕಿತ್ತು. ಆದರೆ ಕುರ್ಚಿಯಿಂದ ಏಳಲಿಕ್ಕೇ ಆಗಲಿಲ್ಲ. ತಂದೆಯ ವಯಸ್ಸಿನ ಮನುಷ್ಯನ ಹತ್ತಿರ ಹೋಗಿ, ನಿಮ್ಮ ನಮಾಜಿನಿಂದ ನಿಮ್ಮ ಮೆಷಿನ್ ಕೆಡುತ್ತಿದೆ ಎಂದು ನಾನು ಹೇಗೆ ಹೇಳಲಿ? ಇನ್ನೊಬ್ಬರ ದೇವರ ವಿಷಯಕ್ಕೆ ಬಾಯಿ ಹಾಕಬಾರದು ಎಂದು ಅಮ್ಮ ಕಲಿಸಿದ್ದು ರಕ್ತದಲ್ಲಿದೆ. ರಾಯರ ಕಿವಿಗೆ ಬಿದ್ದರೆ ಅವರು ಕೋಪದಲ್ಲಿ ಏನು ಅಂದುಬಿಡುತ್ತಾರೋ, ಅದು ಎಲ್ಲಿಗೆ ಮುಟ್ಟುತ್ತದೋ ಎಂಬ ಹೆದರಿಕೆ ಬೇರೆ. ನುಂಗಲಿಕ್ಕೂ ಆಗದ, ಉಗುಳಲಿಕ್ಕೂ ಆಗದ ಬಿಸಿತುಪ್ಪ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರಲ್ಲ, ನಾನು ಆ ಗಾದೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಡದ ಮಾತಿನಿಂದಲೂ ಹೋಗುವುದು ಇರುತ್ತದೆ ಎಂದು ಆಗ ಹೊಳೆಯಲಿಲ್ಲ.

ಹೇಳದೆಯೇ ಸರಿಮಾಡುವ ಬುದ್ಧಿವಂತಿಕೆ ನನ್ನದು. ಸ್ಫಟಿಕಕ್ಕೆ ಒಂದು ಥರ್ಮಾಕೋಲ್ ಪೆಟ್ಟಿಗೆ ಬೇಕು ಎಂದು ಹಸನಾಕನಿಗೇ ಹೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಮರುದಿನವೇ ಮೀನು ಮಾರ್ಕೆಟಿನಿಂದ ಐಸ್ ಪೆಟ್ಟಿಗೆ ತಂದರು. "ಮೂರು ಸಲ ತೊಳೆದಿದ್ದೇನೆ. ಆದ್ರೂ ಅಂಜಲ್ ಮೀನಿನ ವಾಸನೆ ಹೋಗುದಿಲ್ಲ. ನಿನ್ನ ಸೆಕೆಂಡಿಗೆ ಮೀನು ಆಗ್ತದಾ?" ಎಂದರು. ಗುಳಿ ಅರ್ಧದಷ್ಟಾಯಿತು, ಹೋಗಲಿಲ್ಲ. ಮೇಜು ಸರಿಸಲು ಕೇಬಲು ಸಾಲುತ್ತಿರಲಿಲ್ಲ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದು ಒಂದು ವಾರ ಹೋಯಿತು.

ಅಷ್ಟರಲ್ಲಿ ಹಸನಾಕ ಎರಡನೆಯ ಸಲ ಬೋರ್ಡು ಬಿಚ್ಚಿದ್ದರು. ನಗು ಕಡಿಮೆಯಾಗಿತ್ತು. ಊಟದ ಡಬ್ಬಿ ಅರ್ಧ ತಿಂದು ಮುಚ್ಚುತ್ತಿದ್ದರು. ಎಡಗೈಯ ತೋರುಬೆರಳಿನಲ್ಲಿ ಸುಟ್ಟ ಗುರುತು ಕಂಡೆ. ಅದುವರೆಗೆ ಅವರು ಸುಟ್ಟುಕೊಂಡದ್ದು ನಾನು ನೋಡಿಯೇ ಇರಲಿಲ್ಲ. ಒಂದು ದಿನ ದೀಪ ಆರಿಸಿ, ಕನ್ನಡಕ ತೆಗೆದು, ನನ್ನ ಕಡೆ ತಿರುಗಿ ನೇರವಾಗಿ ಕೇಳಿದರು.

"ಮಗಳೆ, ಸತ್ಯ ಹೇಳು. ನನ್ನ ಕೈಯದ್ದಾ?"

"ಹಾಗೇನೂ ಇಲ್ಲ ಹಸನಾಕ," ಎಂದೆ. "ಬೇರೆ ಬೇರೆ ಕಾರಣ ಇರಬಹುದು. ನೋಡ್ತಾ ಇದ್ದೇನೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಉತ್ತರ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅವರೂ ಕರಾವಳಿಯವರಲ್ಲವೇ, ದಾಕ್ಷಿಣ್ಯದ ಮಾತು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಇವಳು ಏನನ್ನೋ ಮುಚ್ಚಿಡುತ್ತಿದ್ದಾಳೆ, ಮುದುಕನ ಮನಸ್ಸು ನೋಯಬಾರದೆಂದು ಮುಚ್ಚಿಡುತ್ತಿದ್ದಾಳೆ ಎಂದು ಸರಿಯಾಗಿಯೇ ಓದಿಕೊಂಡರು. ಏನನ್ನು ಎಂಬುದೊಂದನ್ನು ಮಾತ್ರ ತಪ್ಪಾಗಿ ಓದಿಕೊಂಡರು. "ಆಯ್ತು ಮಗಳೆ," ಎಂದು ಕನ್ನಡಕ ಹಾಕಿಕೊಂಡರು.

ಅದಾಗಿ ಹತ್ತು ದಿನಕ್ಕೆ ರಾಯರು ನನ್ನನ್ನು ಕ್ಯಾಬಿನ್ನಿಗೆ ಕರೆದರು. "ಹಸನ್ ನಿನ್ನೆ ಬಂದಿದ್ರು. ಕೈ ಮೊದಲಿನ ಹಾಗೆ ಇಲ್ವಂತೆ, ನಡುಗ್ತದಂತೆ. ನನ್ನಿಂದಾಗಿ ಮೆಷಿನ್ ಫೇಲ್ ಆಗುದು ಬೇಡ, ಬೇರೆ ಯಾರನ್ನಾದ್ರೂ ತೆಗೊಳ್ಳಿ ಅಂತ ಅವ್ರೇ ಹೇಳಿದ್ರು. ವೀಸಾ ಕ್ಯಾನ್ಸಲಿನ ಪೇಪರು ಬೆಳಿಗ್ಗೆ ಕಳಿಸಿದೆ. ಈ ತಿಂಗಳು, ಬರುವ ತಿಂಗಳು ಇರ್ತಾರೆ. ಅಷ್ಟರಲ್ಲಿ ಅವರಿಂದ ಎಂತ ಕಲಿಲಿಕ್ಕುಂಟೋ ಕಲ್ತುಕೋ."

ಕ್ಯಾಬಿನ್ನಿನಿಂದ ಒಳಕೋಣೆಗೆ ಹನ್ನೆರಡು ಹೆಜ್ಜೆ. ಗೆರೆಗಳ ಕಾಗದವನ್ನೂ ಗೋಡೆಯ ಕ್ಯಾಲೆಂಡರನ್ನೂ ಕಿತ್ತುಕೊಂಡು ಹೋಗಿ ಅವರ ಎದುರು ಇಟ್ಟೆ. "ನಿಮ್ಮ ಕೈ ಅಲ್ಲ ಹಸನಾಕ, ಬಾಗಿಲು," ಎಂದೆ. ಅವರು ಬೆರಳಿಟ್ಟು ನೋಡುತ್ತಾ ಹೋದರು. "ಇದು ಲುಹರ್... ಇದು ಅಸರ್... ಶುಕ್ರವಾರ ಇಲ್ಲ." ಒಮ್ಮೆಲೇ ದೊಡ್ಡದಾಗಿ ನಕ್ಕರು. ತಿಂಗಳ ನಂತರ ಕೇಳಿದ ನಗು. "ಅಯ್ಯೋ ಮಾರಾಯ್ತಿ! ನಾನು ನಮಾಜಿಗೆ ಹೋದದ್ದು ಸ್ಯಾಟಲೈಟಿಗೂ ಗೊತ್ತಾಯ್ತಾ!"

ಆಮೇಲೆ ಕೇಳಿದರು, "ನಿನಗೆ ಯಾವಾಗ ಗೊತ್ತಾದ್ದು?"

"ಮೂರು ವಾರ ಆಯ್ತು."

ನಗು ನಿಂತಿತು. ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟು ನೋಡಿದರು, ಬೇರೆ ಯಾರದೋ ಕೈ ಎಂಬಂತೆ.

"ಎದುರಿನ ಬಾಗಿಲಿಂದ ಹೋಗ್ತಿದ್ದೆನಲ್ಲ ಮಗಳೆ. ಎರಡು ನಿಮಿಷ ಸುತ್ತು, ಅಷ್ಟೇ."

"ನಿಮಗೆ ಬೇಸರ ಆದೀತು ಅಂತ..."

"ನಮಾಜಿಗೆ ಹೋಗ್ಬೇಡ ಅಂತ ಹೇಳ್ಲಿಕ್ಕೆ ಇತ್ತಾ ನಿನಗೆ? ಬಾಗಿಲು ಹಾಕು ಅಂತ ಹೇಳ್ಲಿಕ್ಕೆ ಎಂತ ಬೇಸರ?" ಆಮೇಲೆ ಮೆಲ್ಲನೆ ಹೇಳಿದರು. "ಮೂರು ವಾರ ನಾನು ಈ ಕೈಯನ್ನು ಬೈದೆ."

ನಾನು ಅತ್ತೆ. ರಾಯರಿಗೆ ಈಗಲೇ ಹೇಳುತ್ತೇನೆ, ಪೇಪರು ಹಿಂದೆ ತರಿಸೋಣ ಎಂದು ಎದ್ದೆ. ಅವರು ಕೈ ಅಡ್ಡ ಹಿಡಿದರು. "ಬೇಡ. ಹೋದ ಪೇಪರು ಹೋಯ್ತು, ಈ ಪ್ರಾಯಕ್ಕೆ ಇನ್ನೊಂದು ವೀಸಾ ಸಿಗುದು ಕಷ್ಟ. ಮೂರು ವಾರ ಗೊತ್ತಿದ್ದೂ ಸುಮ್ಮನಿದ್ದಳು ಅಂತ ಗೊತ್ತಾದ್ರೆ ರಾಯರು ನಿನ್ನನ್ನೂ ಇಟ್ಟುಕೊಳ್ಳುದಿಲ್ಲ. ಟ್ರಯಲ್ ಮುಗ್ದಿಲ್ಲ ನಿಂದು. ನಾವಿಬ್ರೂ ಹೋದ್ರೆ ಇದನ್ನು ಯಾರು ನೋಡ್ಕೊಳ್ಳುದು?" ಎಂದು ಮೆಷಿನ್ನಿನ ಕಡೆ ತೋರಿಸಿದರು. "ಈ ವಿಷಯ ಇಲ್ಲಿಗೇ ಇರಲಿ."

ನಾನು ಒಪ್ಪಿದೆ. ಒಪ್ಪಬಾರದಿತ್ತು. ಎದ್ದು ಹೋಗಿ ರಾಯರ ಮುಂದೆ ನಿಲ್ಲಬೇಕಿತ್ತು, ಬೈಸಿಕೊಳ್ಳಬೇಕಿತ್ತು, ಕೆಲಸ ಹೋದರೆ ಹೋಗಲಿ ಎನ್ನಬೇಕಿತ್ತು. ಅವರು ಬೇಡ ಅಂದದ್ದು ನನಗೆ ಅನುಕೂಲವೂ ಆಗಿತ್ತು, ಅದನ್ನು ಇಂದಿಗೂ ಅಲ್ಲವೆಂದು ಹೇಳಲಾರೆ.

ಮರುದಿನದಿಂದ ಹಸನಾಕ ಎದುರಿನ ಬಾಗಿಲಿನಿಂದ ಮಸೀದಿಗೆ ಹೋದರು. ಗೆರೆ ನೇರವಾಯಿತು. ಏನು ಸರಿಮಾಡಿದಿರಿ ಎಂದು ರಾಯರು ಕೇಳಿದಾಗ ನನಗಿಂತ ಮೊದಲು ಅವರೇ ಉತ್ತರ ಕೊಟ್ಟರು. "ನಂದೇ ಒಂದು ಡ್ರೈ ಸೋಲ್ಡರು ರಾಯರೇ. ಈಗ ಸಿಕ್ಕಿತು."

ಸೆಪ್ಟೆಂಬರಿನಲ್ಲಿ ಪರೀಕ್ಷಕರು ಬಂದರು. ಸೂಟ್‌ಕೇಸಿನಲ್ಲಿ ರುಬಿಡಿಯಮ್ ಎಂಬ ಲೋಹದ ಪರಮಾಣುಗಳಿಂದ ನಡೆಯುವ ಗಡಿಯಾರ ತಂದಿದ್ದರು. ಮೂರು ದಿನ ಅದನ್ನು ನಮ್ಮ ಮೆಷಿನ್ನಿನ ಪಕ್ಕದಲ್ಲಿ ಇಟ್ಟು ನೋಡಿದರು. ಆ ಮೂರು ದಿನ ಹಸನಾಕ ಕೋಣೆಯೊಳಗೆ ಚಪ್ಪಲಿಯ ಸದ್ದೂ ಮಾಡಲಿಲ್ಲ. ಮೂರನೆಯ ದಿನ ಪಾಸಾದ ಹಸಿರು ಚೀಟಿ ಅಂಟಿತು. ಹೋಗುವ ಮೊದಲು ಪರೀಕ್ಷಕರು ಮುಚ್ಚಳ ತೆಗೆಸಿ, ಭೂತಗನ್ನಡಿ ಹಿಡಿದು ಚಿಪ್ಪಿನ ಕಾಲುಗಳನ್ನು ನೋಡಿದರು. "ಫ್ಯಾಕ್ಟರಿಯಲ್ಲಿ ಮಾಡಿಸಿದ್ದಾ? ಅಲ್ವಾ? ಹಾಗಾದರೆ ಯಾರ ಕೈಗೆಲಸ ಇದು?" ಎಂದು ಕೇಳಿದರು. ರಾಯರು ಅರ್ಥವಾಗದೆ ಹಸನಾಕನನ್ನು ನೋಡಿದರು. ನಿಜ ನನ್ನ ಬಾಯಿಗೆ ಬಂದೇ ಬಿಟ್ಟಿತ್ತು. ಹಸನಾಕ ನನ್ನ ಕಡೆ ಒಮ್ಮೆ ನೋಡಿ, "ಮೊದಲು ಮಾಡಿದ್ದು ಸಾರ್. ಈಗ ಆಗುದಿಲ್ಲ," ಎಂದು ಹಿಂದಿಯಲ್ಲಿ ಹೇಳಿ, ಮುಚ್ಚಳದ ಸ್ಕ್ರೂಗಳನ್ನು ಒಂದೊಂದೇ ಬಿಗಿಮಾಡಿದರು.

ತಿಂಗಳ ಕೊನೆಗೆ ನಾನೂ ನನ್ನ ಗಂಡನೂ ಅವರನ್ನು ಏರ್‌ಪೋರ್ಟಿಗೆ ಬಿಟ್ಟೆವು. ಎರಡು ಪೆಟ್ಟಿಗೆಗೆ ಹಗ್ಗ ಬಿಗಿದು, ಮೇಲೆ ಹೆಸರು ಬರೆದಿತ್ತು. ಒಳಗೆ ಹೋಗುವ ಮೊದಲು ನನ್ನ ಮುಂದೆ ಬಲಗೈ ಚಾಚಿ, ಬೆರಳು ಬಿಡಿಸಿ ಹಿಡಿದರು. "ನೋಡು, ನಡುಗ್ತದಾ?" ಎಂದು ಕಣ್ಣು ಮಿಟುಕಿಸಿದರು. ಎಳ್ಳಷ್ಟೂ ನಡುಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಹವೆ ತಿಳಿಯಾಯಿತು. ಕಿಟಕಿಯ ಟೇಪು ತೆಗೆದೆ. ನಡುಹಗಲು ಬಾಂಗು ಕೇಳಿದಾಗಲೆಲ್ಲ ಪಕ್ಕದ ಕುರ್ಚಿ ಸರಿಯುವ ಸದ್ದಿಗೆ ಕಿವಿ ಕಾಯುತ್ತಿತ್ತು. ನನ್ನ ಟ್ರಯಲ್ ಮುಗಿಯಿತು, ಸಂಬಳ ಏರಿತು, ಮೂರು ವರ್ಷ ಅಲ್ಲೇ ಇದ್ದೆ. ಆಮೇಲೆ ರಾಯರು ಎಲ್ಲ ಮಾರಿ ಊರಿಗೆ ಹೋದರು. ಮೆಷಿನ್ ಯಾರ ಮೇಜಿನ ಮೇಲಿದೆಯೋ ಗೊತ್ತಿಲ್ಲ. ಹಬ್ಬಕ್ಕೆ ಹಸನಾಕನಿಗೆ ಮೆಸೇಜು ಹಾಕುತ್ತೇನೆ, ಅವರು ದನಿಯಲ್ಲೇ ಉತ್ತರ ಕಳುಹಿಸುತ್ತಾರೆ. ಆ ಬೇಸಿಗೆಯ ಮಾತು ಇಬ್ಬರೂ ಎತ್ತುವುದಿಲ್ಲ. ಒಳ್ಳೆಯ ಕೆಲಸಗಳು ನನಗೆ ಆಮೇಲೂ ಸಿಕ್ಕಿವೆ. ಆದರೆ ಬಿಸ್ಮಿಲ್ಲಾ ಎಂದು ಶುರುವಾಗಿ ಹಲ್ವಾದಲ್ಲಿ ಮುಗಿಯುವ ಕೆಲಸ ಸಿಕ್ಕಿಲ್ಲ. ಪಕ್ಕದಲ್ಲಿ ಕುಳಿತು ನನ್ನನ್ನು ಗೇಲಿಮಾಡುವ ಹಿರಿಯರು ಸಿಕ್ಕಿಲ್ಲ. ಅವರು ಬೇಕು ಅನ್ನಿಸುತ್ತದೆ, ಈ ವಯಸ್ಸಿನಲ್ಲೂ.

ಕಳೆದ ವಾರ ಟಯರ್ ಗೋದಾಮಿನ ಎದುರು ನಿಂತೇ ಅವರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು ನಫೀಸಾ.

"ಓ, ಬಹ್ರೈನಿನ ಅಕ್ಕನಾ? ಬಾಪ ಅಸರ್ ನಮಾಜಿಗೆ ಮಸೀದಿಗೆ ಹೋಗಿದ್ದಾರೆ, ಈಗ ಬರ್ತಾರೆ."

ಆರೋಗ್ಯ ಹೇಗಿದೆ ಎಂದು ಕೇಳಿದೆ.

"ಎಲ್ಲ ಸರಿ ಉಂಟು ಅಕ್ಕ. ಕೈ ನಡುಗುದೊಂದು, ಅದು ಅಲ್ಲಿಂದ ಬರುವಾಗಲೇ ಹೇಳಿದ್ರಲ್ಲ. ನಮಗೆ ಎಂತದೂ ಕಾಣುದಿಲ್ಲ, ಆದ್ರೂ ನಾವು ಜಾಗ್ರತೆ ಮಾಡ್ತೇವೆ. ನೆರೆಕರೆಯವರು ರೇಡಿಯೊ, ಮಿಕ್ಸಿ ಅಂತ ತಂದ್ರೆ ಅಲ್ಲಿಂದಲೇ ವಾಪಸ್ ಕಳಿಸ್ತೇವೆ. ಬೆಸುಗೆಯ ಸಾಮಾನೆಲ್ಲ ಅಣ್ಣ ಕಟ್ಟಿ ಅಟ್ಟಕ್ಕೆ ಹಾಕಿದ್ದಾನೆ. ಸುಟ್ಟುಕೊಂಡ್ರೆ ಕಷ್ಟ ಅಲ್ವಾ?"

"ಅವರು ಏನೂ ಹೇಳುವುದಿಲ್ವಾ?"

"ಇಲ್ಲ. ತಂದವರು ವಾಪಸ್ ಹೋಗುದನ್ನು ನೋಡ್ತಾ ಕೂತುಕೊಳ್ತಾರೆ."

ನನಗಾಗಿ ಒಂದು ಕೋಣೆಯಲ್ಲಿ ಹೇಳಿದ ಸುಳ್ಳನ್ನು ಅವರು ಸಮುದ್ರ ದಾಟಿಸಿ ಮನೆಗೆ ಕೊಂಡೊಯ್ದಿದ್ದರು, ಯಾರ ಬಾಯಿಯಿಂದಲೂ ನಿಜ ರಾಯರ ಕಿವಿಗೆ ಬೀಳಬಾರದೆಂದು. ನಾನು ಮೂರು ವಾರದ ತಪ್ಪು ಎಂದುಕೊಂಡು ಕೊರಗುತ್ತಿದ್ದೆ. ಅದು ಏಳು ವರ್ಷದ್ದು.

"ನಫೀಸಾ, ಅವರ ಕೈ ನಡುಗಿದ್ದೇ ಇಲ್ಲ," ಎಂದೆ. "ತಪ್ಪು ನನ್ನದು. ಪೂರಾ ಹೇಳ್ತೇನೆ, ಕೇಳು."

ಗುಳಿ, ಬಾಗಿಲು, ನಾನು ಬಾಯಿ ಮುಚ್ಚಿಕೊಂಡದ್ದು, ಅವರು ಹೊತ್ತುಕೊಂಡದ್ದು, ಒಂದೂ ಬಿಡದೆ ಹೇಳಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದುಕೊಂಡೆ.

"ಅಕ್ಕ, ಫೋನ್ ಇಡ್ಬೇಡಿ," ಎಂದಳು. "ಬಾಪ ಗೇಟಿನ ಹತ್ರ ಬಂದ್ರು. ಒಂದು ನಿಮಿಷ, ಅಣ್ಣನಿಗೆ ಅಟ್ಟ ಹತ್ಲಿಕ್ಕೆ ಹೇಳಿ ಬರ್ತೇನೆ."